ಬ್ಲೋವರ್ ನಿಂತ ಕೂಡಲೇ ಹೊಸ ಮೋಟರ್‌ಗೆ ದುಡ್ಡು ಕೊಡಬೇಡಿ

ಯಶವಂತಪುರದಲ್ಲಿ ನಮ್ಮದೊಂದು ಪುಟ್ಟ ಮೆಸ್ ಇದೆ. 19 ಕೆಜಿ ಸಿಲಿಂಡರ್‌ಗೆ ದುಡ್ಡು ಸುರಿದು ಸಾಕಾಗಿ, ಮರದ ಪುಡಿ, ಹೊಟ್ಟು ಒತ್ತಿ ಮಾಡಿದ ಗುಳಿಗೆ ಉರಿಸೋ ಪೆಲೆಟ್ ಒಲೆಗೆ ಬಂದೆವು. ಒಲೆ ಬಗ್ಗೆ ದೂರಿಲ್ಲ. ನಾನು ಏಮಾರಿದ್ದು ಅದರ ಬ್ಲೋವರ್, ಅಂದರೆ ಉರಿಗೆ ಗಾಳಿ ಊದೋ ಫ್ಯಾನ್ ವಿಷಯದಲ್ಲಿ.

ಒಂದು ಬೆಳಿಗ್ಗೆ ಐದಕ್ಕೆ ಸ್ವಿಚ್ ಹಾಕಿದರೆ ಬರೀ ಗುಂಯ್ ಅನ್ನುತ್ತಿದೆ, ಫ್ಯಾನ್ ತಿರುಗುತ್ತಿಲ್ಲ. ಇಡ್ಲಿ ಹಿಟ್ಟು ಉಕ್ಕಿ ಕೂತಿದೆ. ರಿಪೇರಿಯವರು ಬಂದು ಮೂಸಿ ನೋಡಿ ‘ವೈಂಡಿಂಗ್ ಹೋಗಿದೆ ಸಾರ್’ ಅಂದರು, ಅಂದರೆ ಮೋಟರ್ ಒಳಗಿನ ತಂತಿ ಸುರುಳಿ ಸುಟ್ಟಿದೆ ಅಂತ. ಮೀಟರ್ ಕೂಡ ಹಿಡಿಯಲಿಲ್ಲ. 4,800 ರೂಪಾಯಿಗೆ ಹೊಸ ಮೋಟರ್ ಕೂರಿಸಿ, ಹಳೆಯದನ್ನು ಗುಜರಿಗೆ ಅಂತ ಒಯ್ದರು. ನಾನೂ ಸುಮ್ನೆ ಕೊಟ್ಟುಬಿಟ್ಟೆ.

ಹೊಸದು ತಿರುಗಿತು. ಆದರೆ ಉರಿ ಮಂಕು, ಪಾತ್ರೆ ತಳಕ್ಕೆಲ್ಲ ಮಸಿ. ಅಡುಗೆ ಮಾಡೋ ಅಕ್ಕನಿಗೆ ಎರಡು ದಿನ ತಲೆನೋವು. ಹೊಗೆಗೆ ಇರಬೇಕು ಅಂದುಕೊಂಡೆ. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಜಾಸ್ತಿಯಾಗುತ್ತೆ, ಅದಕ್ಕೆ ವಾಸನೆಯೂ ಇಲ್ಲ. ನೆನೆಸಿಕೊಂಡರೆ ಈಗಲೂ ಭಯ ಆಗುತ್ತೆ.

ಮೂರನೇ ದಿನ ಮೋಟರ್ ಬಿಚ್ಚಿಕೊಂಡು, ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗಳಿರೋ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯ ಯಜಮಾನರು ಮೋಟರ್ ಮೇಲಿನ ಪ್ಲೇಟ್ ಒರೆಸಿ ತೋರಿಸಿದರು: 1400 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ನಮ್ಮ ಒಲೆಯ ಪುಸ್ತಕದಲ್ಲಿ ಇರೋದು 2800. ವೇಗ ಅರ್ಧ ಆದರೆ ಗಾಳಿಯೂ ಹೆಚ್ಚುಕಮ್ಮಿ ಅರ್ಧ, ಅಲ್ವಾ?

‘ಹಳೇದನ್ನ ಕೈಯಲ್ಲಿ ತಿರುಗಿಸಿ ನೋಡಿದ್ರಾ?’ ಅಂತ ಕೇಳಿದರು. ನೋಡಿರಲಿಲ್ಲ. ಪ್ಲಗ್ ಕಿತ್ತು ತಿರುಗಿಸಬೇಕು. ಬಿಗಿಯಾಗಿದ್ದರೆ ಬೇರಿಂಗ್, ಇಲ್ಲಾ ರೆಕ್ಕೆಗೆ ಮೆತ್ತಿದ ಬೂದಿ. ಸಲೀಸಾಗಿ ತಿರುಗಿಯೂ ಕರೆಂಟ್ ಕೊಟ್ಟಾಗ ಗುಂಯ್ ಅಂದರೆ ಮೊದಲ ಅನುಮಾನ ಮೋಟರ್ ಶುರುವಾಗೋಕೆ ಒತ್ತು ಕೊಡೋ ಕಂಡೆನ್ಸರ್ ಮೇಲೆ. ನೂರು ರೂಪಾಯಿ ಒಳಗಿನ ಸಾಮಾನು! ಹಳೆಯ ಕಂಡೆನ್ಸರ್ ಮೇಲೆ ಬರೆದಿರೋ ಮೈಕ್ರೋಫ್ಯಾರಡ್ (ಅದರ ಅಳತೆ) ಇರೋದನ್ನೇ ಹಾಕಿಸಿ. ದೊಡ್ಡದು ಹಾಕಿದರೆ ಮೋಟರ್ ಬಿಸಿಯಾಗುತ್ತೆ. ಬಿಚ್ಚಿದ ಕಂಡೆನ್ಸರ್ ತುದಿ ಮುಟ್ಟಬೇಡಿ, ಶಾಕ್ ಉಳಿದಿರುತ್ತೆ.

ನಮ್ಮದೂ ತಪ್ಪಿತ್ತು ಅನ್ನಿ. ರಾತ್ರಿ ಕೆಂಡ ಇರುವಾಗಲೇ ಹುಡುಗರು ಬ್ಲೋವರ್ ಆಫ್ ಮಾಡುತ್ತಿದ್ದರು. ಗಾಳಿ ನಿಂತರೆ ಬಿಸಿ, ಹೊಗೆ ಎಲ್ಲ ಪೈಪಿನಲ್ಲಿ ಹಿಂದಕ್ಕೆ ನುಗ್ಗಿ ಮೋಟರ್ ಬೇಯಿಸುತ್ತೆ. ಈಗ ಲೆಕ್ಕ ಮುಗಿಸಿ, ಟೇಬಲ್ ಒರೆಸಿ, ಕೆಂಡ ಪೂರ್ತಿ ಆರಿದ ಮೇಲೇ ಸ್ವಿಚ್‌ಗೆ ಕೈ ಹಾಕೋದು.

ಆ ರಿಪೇರಿಯವರಿಗೆ ಫೋನ್ ಮಾಡಿ ಹಳೇ ಮೋಟರ್ ವಾಪಸ್ ಕೇಳಿದೆ. ‘ಅದು ಆಗಲೇ ಮಾರಿಹೋಯ್ತು ಸಾರ್’ ಅಂದರು. ಸುಟ್ಟ ಮೋಟರನ್ನು ಕೊಂಡವರು ಯಾರೋ!