ಸಿಎ ಫೈನಲ್ ತೆರಿಗೆ ವಿಷಯಗಳ ರೆಕಾರ್ಡೆಡ್ ತರಗತಿ: ಹನ್ನೆರಡು ತಿಂಗಳು ಬಳಸಿ, ಆಮೇಲೆ ಬಿಟ್ಟು ಓದಿದವನ ವಿಮರ್ಶೆ

ದಾವಣಗೆರೆಯ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಓದಿನ ಭಾಗವಾದ ಕಚೇರಿ ತರಬೇತಿ) ಮಾಡುತ್ತಿದ್ದ ನಾನು, 2024ರ ಜೂನ್‌ನಲ್ಲಿ ಸಿಎ ಫೈನಲ್‌ನ ನೇರ ಮತ್ತು ಪರೋಕ್ಷ ತೆರಿಗೆ ವಿಷಯಗಳಿಗಾಗಿ ಈ ತರಗತಿಗಳನ್ನು ಕೊಂಡೆ. ಹನ್ನೆರಡು ತಿಂಗಳ ಅವಧಿ, ಒಂದೇ ಲ್ಯಾಪ್‌ಟಾಪ್, ಪ್ರತಿ ಪಾಠವನ್ನು ಎರಡೇ ಸಲ ನೋಡಲು ಅವಕಾಶ.

ಪರೋಕ್ಷ ತೆರಿಗೆಯ ಬೋಧನೆಯಲ್ಲಿ ಹುಳುಕು ಹುಡುಕಲಾರೆ. 25 ಕಿಲೋವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 2022ರ ಜುಲೈ 18ರಿಂದ ಶೇ. 5 ಜಿಎಸ್‌ಟಿ ಬಂದ ಮೇಲೆ 26 ಕಿಲೋ ಚೀಲಗಳು ಹುಟ್ಟಿಕೊಂಡದ್ದನ್ನು ನಾನು ಗಿರಣಿಗಳಲ್ಲಿ ದಾಸ್ತಾನು ಎಣಿಸುವಾಗಲೇ ಕಂಡಿದ್ದೆ. ಆ ಒಂದು ಕಿಲೋದ ಹಿಂದಿರುವ ಕಾನೂನು ಅರ್ಥವಾದದ್ದು ಈ ಪಾಠಗಳಿಂದ.

ನೇರ ತೆರಿಗೆಯ ಕಥೆ ಬೇರೆ. ಕೊಂಡು ಎರಡು ತಿಂಗಳು ತುಂಬುವ ಮೊದಲೇ ಬಜೆಟ್ ಬಂತು. ಷೇರುಪೇಟೆಯಲ್ಲಿ ಮಾರಿದ ಷೇರುಗಳ ದೀರ್ಘಾವಧಿ ಲಾಭದ ತೆರಿಗೆ ಜುಲೈ 23ರಿಂದಲೇ ಶೇ. 10ರಿಂದ 12.5ಕ್ಕೂ, ಅಲ್ಪಾವಧಿಯದು 15ರಿಂದ 20ಕ್ಕೂ ಏರಿತು. ಒಂದೇ ವರ್ಷದೊಳಗೆ ಆ ದಿನದ ಹಿಂದಿನ ಮಾರಾಟಕ್ಕೊಂದು ದರ, ನಂತರದ್ದಕ್ಕೊಂದು. ನನ್ನ ಲ್ಯಾಪ್‌ಟಾಪಿನ ಮೇಷ್ಟ್ರು ಮಾತ್ರ ಹಳೆಯ ದರವನ್ನೇ ನಿಶ್ಚಿಂತೆಯಿಂದ ಹೇಳುತ್ತಿದ್ದರು. ತಿದ್ದುಪಡಿಯ ಪಾಠಗಳು ಕೈಸೇರಿದ್ದು ಫೆಬ್ರವರಿಯಲ್ಲಿ.

ಆದರೂ 2025ರ ಮೇ ಪರೀಕ್ಷೆಯಲ್ಲಿ ಪಾಸಾಗದ್ದಕ್ಕೆ ತರಗತಿ ಮಾರಿದ ಕಂಪನಿಯನ್ನು ದೂರಲಾರೆ. ಏಪ್ರಿಲ್‌ನ ಸೆಕೆಯಲ್ಲಿ ಫ್ಯಾನಿನ ಕೆಳಗೆ ಕುಳಿತು, ಒಂದೂವರೆ ಪಟ್ಟು ವೇಗದಲ್ಲಿ ಪಾಠ ಓಡಿಸಿ, ನೋಡಿದ ಗಂಟೆಗಳನ್ನೆಲ್ಲ ಓದಿದ ಗಂಟೆಗಳೆಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮೂರು ಗಂಟೆಯ ಒಂದು ಪೂರ್ಣ ಪತ್ರಿಕೆಯನ್ನೂ ಕೈಯಾರೆ ಬರೆದಿರಲಿಲ್ಲ. ಎರಡು ತೆರಿಗೆ ಪತ್ರಿಕೆಗಳೂ ಆರನೆಯ ಪತ್ರಿಕೆಯೂ ಸೇರಿದ ಗ್ರೂಪಿನಲ್ಲಿ ಬಂದದ್ದು 52, 49, 46. ಪ್ರತಿ ಪತ್ರಿಕೆಗೆ ಬೇಕಾದ 40 ದಾಟಿದ್ದರೂ ಗ್ರೂಪಿಗೆ ಬೇಕಾದ 150ಕ್ಕೆ ಮೂರು ಕಡಿಮೆ. ಯಾವುದರಲ್ಲೂ 60 ಇಲ್ಲದ ಕಾರಣ ಎಕ್ಸೆಂಪ್ಷನ್, ಅಂದರೆ ಆ ಪತ್ರಿಕೆಯನ್ನು ಮತ್ತೆ ಬರೆಯದಿರುವ ವಿನಾಯಿತಿ, ಸಹ ಇಲ್ಲ. ಮೂರನ್ನೂ ಮತ್ತೆ ಬರೆಯಬೇಕು.

ಜುಲೈನಲ್ಲಿ ಫಲಿತಾಂಶ ಬರುವ ಹೊತ್ತಿಗೆ ತರಗತಿಗಳ ಅವಧಿ ಮುಗಿದಿತ್ತು. ವಿಸ್ತರಣೆಗೆ ಮತ್ತೆ ಹಣ ಕೇಳಿದರು, ಸಿಟ್ಟಿನಿಂದಲೇ ಬೇಡವೆಂದೆ. ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ಉಚಿತವಾಗಿ ಕೊಡುವ ಅಧ್ಯಯನ ಸಾಮಗ್ರಿಯನ್ನು ಹಿಡಿದು, ಮಾಕ್ ಟೆಸ್ಟ್ ಪತ್ರಿಕೆಗಳನ್ನು ವಿದ್ಯಾನಗರದ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು, ಪ್ರತಿ ಭಾನುವಾರ ಗಡಿಯಾರ ಇಟ್ಟುಕೊಂಡು ಬರೆದೆ. ಮೊದಲ ವಾರವೇ ನನ್ನ ರೋಗ ಸಿಕ್ಕಿತು: ಉತ್ತರ ಗೊತ್ತಿದ್ದರೂ ಕಾನೂನು ಏನು, ಪ್ರಶ್ನೆಯಲ್ಲಿನ ಸಂಗತಿ ಏನು, ತೀರ್ಮಾನ ಏನು ಎಂಬ ಕ್ರಮವಿಲ್ಲದೆ ಎಲ್ಲವನ್ನೂ ಒಂದೇ ಉಸಿರಿಗೆ ಸುರಿಯುತ್ತಿದ್ದೆ, 30 ಅಂಕದ ಬಹು ಆಯ್ಕೆ ಪ್ರಶ್ನೆಗಳಿಗೆ ಉಳಿಯುತ್ತಿದ್ದದ್ದು ಕೊನೆಯ ಹದಿನೈದೇ ನಿಮಿಷ. ಪುಸ್ತಕ ನೋಡಿ ಬರೆಯುವ ಆರನೆಯ ಪತ್ರಿಕೆಗೆ ಮೇನಲ್ಲಿ ಒಂದು ಚೀಲ ಪುಸ್ತಕ ಹೊತ್ತು ಹೋಗಿ, ನಾಲ್ಕು ಗಂಟೆಯಲ್ಲಿ ಬಹುಪಾಲನ್ನು ಪುಟ ತಿರುವುವುದರಲ್ಲೇ ಕಳೆದಿದ್ದೆ. ಸೆಪ್ಟೆಂಬರ್‌ನಲ್ಲಿ ಚೀಟಿ ಅಂಟಿಸಿದ ಎರಡೇ ಪುಸ್ತಕ ಒಯ್ದೆ. ಗ್ರೂಪು ಪಾಸಾಯಿತು.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಪರೋಕ್ಷ ತೆರಿಗೆಯೊಂದನ್ನೇ ಕೊಂಡಿದ್ದರೆ ನಾಲ್ಕು ಕೊಡುತ್ತಿದ್ದೆ. ನೇರ ತೆರಿಗೆಯನ್ನಂತೂ ಆ ವರ್ಷದ ತಿದ್ದುಪಡಿ ಸೇರಿಸಿ ಹೊಸದಾಗಿ ರೆಕಾರ್ಡ್ ಮಾಡಿದ್ದಾರೆಯೇ ಎಂದು ಕೇಳದೆ ಕೊಳ್ಳಬೇಡಿ.