ಜಾಂಗೋ ಫಾರ್ಮ್ಸ್: ಮೂರು ಬೇಸಿಗೆ ಬಳಸಿ ನೋಡಿದ ಮೇಲೆ

ನಾನಿರುವುದು ಸಾಗರದಲ್ಲಿ. ಇಲ್ಲಿ ಪ್ರತಿ ಬೇಸಿಗೆಯಲ್ಲಿ ಮಕ್ಕಳ ರಂಗಶಿಬಿರವೊಂದು ನಡೆಯುತ್ತದೆ. ಅದಕ್ಕೆ ಮಕ್ಕಳ ಹೆಸರು ನೋಂದಾಯಿಸುವ ವೆಬ್ ಪುಟ ನೋಡಿಕೊಳ್ಳುವುದು ನನ್ನ ಕೆಲಸ. ಮಗುವಿನ ಹೆಸರು, ವಯಸ್ಸು, ಊರು, ಮನೆಯವರ ಫೋನ್ ನಂಬರು, ಒಂದು ಫೋಟೋ. ಐದೇ ಖಾನೆ. ತುಂಬುವವರಲ್ಲಿ ಹೆಚ್ಚಿನವರು ಹಳ್ಳಿಯ ಅಪ್ಪ ಅಮ್ಮಂದಿರು. ಫೋನಿನಲ್ಲಿ, ಕನ್ನಡದಲ್ಲೇ ಟೈಪ್ ಮಾಡುತ್ತಾರೆ.

ಮೊದಲು ಇದನ್ನು ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೈಯಾರೆ ಬರೆದಿದ್ದೆ. ಹೆಸರು 30 ಅಕ್ಷರ ದಾಟಬಾರದು ಅಂತ ಒಂದು ಸಾಲು ಹಾಕಿದ್ದೆ. ಆದರೆ ಅಲ್ಲಿ ಉದ್ದ ಅಳೆಯುವ ‘ಸ್ಟ್ರ್‌ಲೆನ್’ ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು, ಅಂದರೆ ಕಂಪ್ಯೂಟರ್ ಮಾಹಿತಿ ಉಳಿಸುವ ಚಿಕ್ಕ ತುಣುಕನ್ನು. ಕಂಪ್ಯೂಟರ್ ಬರಹವನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತು ಮೂಡಿಸುವ ಚಿಹ್ನೆ ಎಲ್ಲ ಬೇರೆ ಬೇರೆ ಸಂಕೇತ) 3 ಬೈಟ್ ಬೇಕು. ‘ಶ್ರೀಲಕ್ಷ್ಮಿ’ ನಮಗೆ ಮೂರಕ್ಷರದ ಹೆಸರು. ಕಂಪ್ಯೂಟರಿಗೆ ಅದು 11 ಸಂಕೇತ, 33 ಬೈಟ್. ಹೆಸರು ಉದ್ದವಾಯ್ತು ಅಂತ ಪುಟ ತಿರಸ್ಕರಿಸಿತು. ಜೊತೆಗೆ ತುಂಬಿದ್ದನ್ನೆಲ್ಲ ಅಳಿಸಿ ಖಾಲಿ ಫಾರ್ಮ್ ತೋರಿಸಿತು. ಒಬ್ಬ ತಾಯಿ ಫೋನ್ ಮಾಡಿ, “ಮೂರು ಸಲ ಬರೆದೆ, ಮೂರು ಸಲವೂ ಹೋಯ್ತು” ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ತಮ್ಮದೇ ಇರಬೇಕು ಅಂದುಕೊಂಡಿದ್ದರು. ಅದು ನನಗೆ ತುಂಬಾ ನೋವಾಯಿತು. ಆವತ್ತೇ ಬೇರೆ ದಾರಿ ಹುಡುಕಲು ಕೂತೆ.

ಸಿಕ್ಕಿದ್ದು ಜಾಂಗೋ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ವೆಬ್ ಫ್ರೇಮ್‌ವರ್ಕ್, ಅಂದರೆ ವೆಬ್‌ಸೈಟ್ ಕಟ್ಟಲು ಬೇಕಾದ ಸಿದ್ಧ ಭಾಗಗಳ ಕಟ್ಟು. ಕಾನ್ಸಾಸ್‌ನ ಒಂದು ದಿನಪತ್ರಿಕೆಯ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ನಾನಿಲ್ಲಿ ಹೇಳುವುದು ಅದರ ಫಾರ್ಮ್ಸ್ ಭಾಗದ ಬಗ್ಗೆ ಮಾತ್ರ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ತಪ್ಪು ಮಾಡಿದವರನ್ನು ಅದು ನಡೆಸಿಕೊಳ್ಳುವ ರೀತಿ. ಯಾವ ಖಾನೆಯಲ್ಲಿ ಏನಿರಬೇಕು ಅಂತ ಒಂದೇ ಕಡೆ ಬರೆದಿಡುತ್ತೀರಿ. ಕಳಿಸಿದ ಮಾಹಿತಿ ಬಂದಾಗ ‘ಈಸ್ ವ್ಯಾಲಿಡ್’ (ಸರಿಯಿದೆಯಾ) ಅಂತ ಕೋಡಿನಲ್ಲಿ ಕೇಳುತ್ತೀರಿ. ಎಲ್ಲ ಸರಿಯಿದ್ದರೆ ಆ ಮಾಹಿತಿ ‘ಕ್ಲೀನ್ಡ್ ಡೇಟಾ’ ಅನ್ನುವ ಹೆಸರಿನಲ್ಲಿ ಅಚ್ಚುಕಟ್ಟಾಗಿ ಸಿಗುತ್ತದೆ. ಹಿಂದೆ ಮುಂದೆ ಬಿಟ್ಟಿರುವ ಖಾಲಿ ಜಾಗವನ್ನೂ ಅದೇ ತೆಗೆದಿರುತ್ತದೆ. ಸರಿಯಿಲ್ಲದಿದ್ದರೆ ಅದೇ ಫಾರ್ಮನ್ನು ವಾಪಸ್ ತೋರಿಸಿದರೆ ಸಾಕು. ಬರೆದದ್ದೆಲ್ಲ ಅಲ್ಲಲ್ಲೇ ಇರುತ್ತದೆ, ತಪ್ಪಿರುವ ಖಾನೆಯ ಪಕ್ಕದಲ್ಲಿ ಮಾತ್ರ ಒಂದು ಸಾಲು. ಆ ಸಾಲನ್ನು ನಿಮ್ಮ ಮಾತಿನಲ್ಲೇ ಬರೆಯಬಹುದು. ಜಾಂಗೋದ ಜೊತೆ ಕನ್ನಡ ಅನುವಾದ ಬರುತ್ತದೆ ನಿಜ, ಆದರೆ ಅದು ಪೂರ್ತಿಯಾಗಿಲ್ಲ. ನಾನು ಎಲ್ಲವನ್ನೂ ಹೊಸದಾಗಿ ಬರೆದೆ: “ವಯಸ್ಸು 8ರಿಂದ 14ರ ಒಳಗಿರಲಿ”, “ಊರಿನ ಹೆಸರು ಬಿಟ್ಟು ಹೋಗಿದೆ ನೋಡಿ”. ಫೋನ್ ಮಾಡಿ ಕೇಳುವವರು ಆ ವರ್ಷವೇ ಕಡಿಮೆಯಾದರು.

ಅಕ್ಷರದ ಲೆಕ್ಕವೂ ಇಲ್ಲಿ ಬೈಟಿನದಲ್ಲ, ಸಂಕೇತದ್ದು. ಶ್ರೀಲಕ್ಷ್ಮಿಗೆ 11. ನಮ್ಮ ಕಣ್ಣಿಗೆ ಕಾಣುವ ಮೂರು ಅಲ್ಲ, ಆದರೂ ಮಿತಿಯನ್ನು 100ಕ್ಕೆ ಇಟ್ಟರೆ ತೊಂದರೆಯಿಲ್ಲ.

ಇನ್ನೊಂದು ಖುಷಿ. ಪೈಥಾನಿಗೆ ಕನ್ನಡ ಅಂಕಿ ಗೊತ್ತು! ವಯಸ್ಸಿನ ಖಾನೆಯಲ್ಲಿ ಯಾರಾದರೂ ‘೧೧’ ಅಂತ ಬರೆದರೆ ಜಾಂಗೋ ಅದನ್ನು ಸುಮ್ನೆ 11 ಮಾಡಿಕೊಳ್ಳುತ್ತದೆ. ಇದಕ್ಕೆ ನೀವು ಮಾಡಬೇಕಾದದ್ದು ಒಂದೇ. ಖಾನೆಯನ್ನು ನಂಬರ್ ಬಗೆಯಿಂದ ಸಾದಾ ಪಠ್ಯದ ಬಗೆಗೆ ಬದಲಿಸಬೇಕು, ಇಲ್ಲದಿದ್ದರೆ ಬ್ರೌಸರ್ರೇ ಕನ್ನಡ ಅಂಕಿಯನ್ನು ತಡೆಯುತ್ತದೆ.

ಆದರೆ ಇದೇ ಗುಣ ಫೋನ್ ನಂಬರಿನಲ್ಲಿ ಕೈಕೊಟ್ಟಿತು. ಹತ್ತು ಅಂಕಿ ಇದೆಯಾ ಅಂತ ನೋಡಲು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ (ಬರಹದ ಮಾದರಿ ಹೊಂದುತ್ತದಾ ಅಂತ ನೋಡುವ ಸೂತ್ರ) ‘ಬ್ಯಾಕ್‌ಸ್ಲ್ಯಾಶ್ ಡಿ’ ಹಾಕಿದ್ದೆ, ಅಂದರೆ ‘ಯಾವುದಾದರೂ ಅಂಕಿ’. ಅದಕ್ಕೆ ‘೯’ ಕೂಡ ಅಂಕಿಯೇ. ಒಬ್ಬರು ಇಡೀ ನಂಬರನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರು. ತಪಾಸಣೆಯಲ್ಲಿ ಪಾಸಾಯಿತು. ಫೋನ್ ನಂಬರನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಉಳಿಸುತ್ತೇವಲ್ವಾ, ಹಾಗಾಗಿ ಇದ್ದಂತೆಯೇ ಡೇಟಾಬೇಸಿಗೆ ಹೋಯಿತು. ಎಸ್‌ಎಂಎಸ್ ಕಳಿಸುವ ಸೇವೆಗೆ ಆ ಅಂಕಿ ಅರ್ಥವಾಗಲಿಲ್ಲ. ಶಿಬಿರದ ದಿನ ಬದಲಾದ ಸುದ್ದಿ ಆ ಮನೆಗೆ ಮುಟ್ಟಲೇ ಇಲ್ಲ. ಹುಡುಗ ಬ್ಯಾಗ್ ಹಾಕಿಕೊಂಡು ಒಂದು ದಿನ ಮೊದಲೇ ಬಂದು ಗೇಟಿನ ಹತ್ತಿರ ನಿಂತಿದ್ದ.

ಸೊನ್ನೆಯಿಂದ ಒಂಬತ್ತರವರೆಗಿನ ಇಂಗ್ಲಿಷ್ ಅಂಕಿ ಮಾತ್ರ ಸಾಕು ಅಂತ ನಿಯಮ ಬಿಗಿ ಮಾಡುವುದು ಸುಲಭದ ದಾರಿ. ನನಗೆ ಮನಸ್ಸು ಬರಲಿಲ್ಲ. ಕನ್ನಡ ಪುಟದಲ್ಲಿ ಕನ್ನಡ ಅಂಕಿ ತಪ್ಪು ಅನ್ನುವುದು ಹೇಗೆ? ಜಾಂಗೋದಲ್ಲಿ ಪ್ರತಿ ಖಾನೆಗೂ ನಮ್ಮದೇ ‘ಕ್ಲೀನ್’ ಮೆಥಡ್, ಅಂದರೆ ಬಂದದ್ದನ್ನು ತಿದ್ದಿ ಪರೀಕ್ಷಿಸುವ ಪುಟ್ಟ ಕೋಡ್, ಬರೆಯಬಹುದು. ಫೋನ್ ಖಾನೆಗೆ ಒಂದು ಬರೆದೆ. ಯಾವ ಲಿಪಿಯ ಅಂಕಿ ಬಂದರೂ ಬದಲಿಸಿಕೊಂಡು, ನಡುವಿನ ಖಾಲಿ ಜಾಗ ತೆಗೆದು, ಆಮೇಲೆ ಎಣಿಸುತ್ತದೆ. ನಾಲ್ಕು ಸಾಲಿನ ಕೆಲಸ.

ಈಗ ನಿಜವಾದ ಕೊರತೆ. ಮೂಲದಲ್ಲಿ ಇದು ಪೈಥಾನಿನದು, ಆದರೆ ಪೆಟ್ಟು ಬೀಳುವುದು ಫಾರ್ಮಿಗೆ. ಪೈಥಾನಿನ ಲೆಕ್ಕದಲ್ಲಿ ಗುಣಿತದ ಚಿಹ್ನೆಗಳು ಅಕ್ಷರವೇ ಅಲ್ಲ. ಹೆಸರಿನಲ್ಲಿ ಅಕ್ಷರ ಮಾತ್ರ ಇರಲಿ ಅಂತ ಪೈಥಾನಿನ ‘ಈಸ್ ಆಲ್ಫಾ’ದಿಂದ (ಎಲ್ಲ ಅಕ್ಷರವೇನಾ ಅಂತ ನೋಡುವ ಆಜ್ಞೆ) ಪರೀಕ್ಷಿಸಿದರೆ ‘ಕಮಲ’ ಪಾಸು, ‘ವಿಮಲಾ’ ಫೇಲು. ಗುಡಿಸು, ಇಳಿ, ಅರ್ಕಾವತ್ತು, ಒತ್ತು ಇದ್ದ ಯಾವ ಹೆಸರೂ ದಾಟುವುದಿಲ್ಲ. ಆ ತಪಾಸಣೆಯನ್ನೇ ತೆಗೆದುಬಿಟ್ಟೆ. ಹೆಸರಿಗೆ ಅಂಥ ಪರೀಕ್ಷೆ ಬೇಕಾಗಿಯೂ ಇರಲಿಲ್ಲ. ಫೋಟೋ ಫೈಲಿನ ಹೆಸರಿಗೂ ಇದೇ ಗತಿ. ಅಮ್ಮ ‘ಪುಟ್ಟಿ’ ಅಂತ ಹೆಸರಿಟ್ಟು ಹಾಕಿದ ಫೋಟೋ ನಮ್ಮ ಸರ್ವರಿನಲ್ಲಿ ‘ಪಟಟ’ ಅಂತ ಉಳಿಯುತ್ತದೆ. ಫೋಟೋಗೆ ಏನೂ ಆಗುವುದಿಲ್ಲ. ಆದರೂ ಪಟ್ಟಿಯಲ್ಲಿ ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇಷ್ಟು ಜನ ಬರೆಯುವ ಲಿಪಿಗೆ ಹೀಗಾಗಬಾರದು. ಸದ್ಯಕ್ಕೆ ನಾನು ಫೈಲಿಗೆ ನೋಂದಣಿ ಸಂಖ್ಯೆಯನ್ನೇ ಹೆಸರಾಗಿ ಕೊಡುತ್ತಿದ್ದೇನೆ.

ಫೋಟೋದ ವಿಷಯದಲ್ಲಿ ಇನ್ನೊಂದಿದೆ. ಬೇರೆ ಖಾನೆಯಲ್ಲಿ ತಪ್ಪಾಗಿ ಫಾರ್ಮ್ ವಾಪಸ್ ಬಂದರೆ ಬರೆದದ್ದು ಉಳಿಯುತ್ತದೆ, ಆರಿಸಿದ ಫೋಟೋ ಉಳಿಯುವುದಿಲ್ಲ. ಬ್ರೌಸರ್ ಭದ್ರತೆಗಾಗಿ ಫೈಲಿನ ಖಾನೆಯನ್ನು ಮತ್ತೆ ತುಂಬಲು ಬಿಡುವುದಿಲ್ಲ, ಜಾಂಗೋ ತಾನಾಗಿ ಅದನ್ನು ಎತ್ತಿಡುವುದೂ ಇಲ್ಲ. ಹಾಗಾಗಿ ಫೋಟೋವನ್ನು ಎರಡನೇ ಪುಟಕ್ಕೆ ಹಾಕಿದೆ. ಮೊದಲ ಪುಟ ಸರಿಯಾದ ಮೇಲೆ ಫೋಟೋ ಮಾತ್ರ ಕೇಳುತ್ತದೆ. ನೆಟ್‌ವರ್ಕ್ ಕಡಿಮೆ ಇರುವ ಊರಿನವರಿಗೆ ಇದರಿಂದ ಜಾಸ್ತಿ ಅನುಕೂಲವಾಯಿತು.

ಭದ್ರತೆ ಚೆನ್ನಾಗಿದೆ. ಪುಟದ ಟೆಂಪ್ಲೇಟಿನಲ್ಲಿ ಒಂದು ಟ್ಯಾಗ್ ಹಾಕಿದರೆ ಫಾರ್ಮಿಗೆ ಸಿಎಸ್‌ಆರ್‌ಎಫ್ ಟೋಕನ್ ಅನ್ನುವ ಗುಟ್ಟಿನ ಗುರುತು ಸೇರುತ್ತದೆ, ಬೇರೆ ಸೈಟಿನಿಂದ ಕಳ್ಳದಾರಿಯಲ್ಲಿ ಮಾಹಿತಿ ಕಳಿಸಲು ಆಗುವುದಿಲ್ಲ. ಟೋಕನ್ ತಪ್ಪಿದಾಗ ಬರುವ 403 (ಅನುಮತಿ ಇಲ್ಲ ಅನ್ನುವ) ಪುಟ ಮಾತ್ರ ಬರಿಯ ಇಂಗ್ಲಿಷ್. ಅದನ್ನು ಬದಲಿಸಬಹುದು, ಮರೆಯದೆ ಬದಲಿಸಿ.

ಖರ್ಚಿನ ಮಾತು. ಜಾಂಗೋಗೆ ಕಾಸಿಲ್ಲ. ಆದರೆ ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗ್ ಹಲವು ಕಡೆ ಪಿಎಚ್‌ಪಿಗೆ ಮಾತ್ರ ಹೊಂದುತ್ತದೆ. ನಾನು ಚಿಕ್ಕದೊಂದು ವಿಪಿಎಸ್ (ನಾವೇ ನೋಡಿಕೊಳ್ಳಬೇಕಾದ ಬಾಡಿಗೆ ಸರ್ವರ್) ತೆಗೆದುಕೊಳ್ಳಬೇಕಾಯಿತು, ಅದನ್ನು ನೋಡಿಕೊಳ್ಳುವುದೂ ಕಲಿಯಬೇಕಾಯಿತು. ಒಂದೇ ಒಂದು ಸಂಪರ್ಕ ಫಾರ್ಮ್ ಬೇಕಿದ್ದವರಿಗೆ ಇಷ್ಟು ಬೇಡ. ಹತ್ತಾರು ಊರಿನ ಜನ ಕನ್ನಡದಲ್ಲಿ ತುಂಬುವ ಫಾರ್ಮ್ ಇದ್ದರೆ ಖಂಡಿತ ತೆಗೆದುಕೊಳ್ಳಿ. ಐದರಲ್ಲಿ ನಾಲ್ಕು ಕೊಡುತ್ತೇನೆ. ಉಳಿದ ಒಂದು ‘ಪುಟ್ಟಿ’ ಪುಟ್ಟಿಯಾಗಿಯೇ ಉಳಿದ ದಿನ.