ಲೇತ್ ಸರಿ, ಟೂಲ್ ರೆಸ್ಟ್ ಮಾತ್ರ ದಂಡ

ನಾನು ಕೊಂಡಿರುವ, ಮರ ತಿರುಗಿಸಿ ಬಟ್ಟಲು ಕಡೆಯುವ ಲೇತಿನ ಮೋಟಾರು ಎಷ್ಟು ಎಚ್‌ಪಿ, ಬೆಡ್ ಎಷ್ಟುದ್ದ, ಎಷ್ಟಗಲದ ಮರ ಹಿಡಿಸುತ್ತದೆ ಎಂಬುದೆಲ್ಲ ಮಾರುವವರ ಪುಟದಲ್ಲೇ ಇದೆ. ಅದನ್ನು ನಾನು ಮತ್ತೆ ಬರೆಯುವುದಿಲ್ಲ. ಅದೇ ಪುಟದ ಫೋಟೋದಲ್ಲಿ ಮೂಲೆಯಲ್ಲಿ ಕಾಣುವ, ಯಾರೂ ಕಣ್ಣುಹಾಯಿಸದ ಒಂದು ಬೀಡಿನ (ಎರಕದ ಕಬ್ಬಿಣದ) ತುಂಡಿದೆ, ಕಡೆಯುವಾಗ ಉಳಿಯನ್ನು ಊರಿ ಹಿಡಿಯುವ ಟೂಲ್ ರೆಸ್ಟ್. ನನ್ನ ತಕರಾರೆಲ್ಲ ಅದರ ಮೇಲೆ.

ಬಟ್ಟಲು ಕಡೆಯುವಾಗ ಆಗುವ ಎಡವಟ್ಟುಗಳಲ್ಲಿ ಉಳಿ ಗಬಕ್ಕನೆ ಮರವನ್ನು ಕಚ್ಚುವುದೇ ದೊಡ್ಡದು. ಗೌಜು ಅಂದರೆ ದೋಣಿಯಂತೆ ಬಾಗಿದ ಬಾಯಿಯ ಉಳಿ. ಅದರ ಬಾಯಿಯ ಹಿಂದಿರುವ ಇಳಿಜಾರು, ಬೆವೆಲ್ ಅನ್ನುತ್ತಾರಲ್ಲ, ಅದು ಮರಕ್ಕೆ ಒರಗಿಕೊಂಡಿರುವಷ್ಟು ಹೊತ್ತು ಎಲ್ಲ ಸಲೀಸು. ಆಸರೆ ತಪ್ಪಿತೋ, ಬಾಯಿ ಒಳಕ್ಕೆ ನುಗ್ಗುತ್ತದೆ, ಚಕ್ಕು, ಅಂದರೆ ಮರ ಕಚ್ಚಿ ತಿರುಗಿಸುವ ದವಡೆ, ಹಿಡಿದಿರುವ ಟೆನನ್ (ಬಟ್ಟಲಿನ ತಳದಲ್ಲಿ ಬಿಟ್ಟ ದುಂಡು ಗೂಟ) ಲಟಕ್ಕನೆ ಮುರಿಯುತ್ತದೆ, ಬಟ್ಟಲು ಗೋಡೆಗೆ. ಇದಕ್ಕೆ ಎಲ್ಲರೂ ಕೈಯನ್ನೇ ಬೈಯುತ್ತಾರೆ. ಆದರೆ ರೆಸ್ಟು ಮರದಿಂದ ಬೆರಳಗಲ ದೂರ ಸರಿದರೂ ಉಳಿಯ ಮೂತಿ ಅಷ್ಟು ಹೊರಚಾಚಿಕೊಳ್ಳುತ್ತದೆ, ಹಿಡಿಯಲ್ಲಿ ಎಷ್ಟು ಬಲ ಹಾಕಿದರೂ ಸಾಲುವುದಿಲ್ಲ. ಈ ಮೆಷಿನ್ನಿನ ರೆಸ್ಟು ಮಾಡುವುದು ಅದನ್ನೇ. ಅದರ ಕಾಲು, ಅದು ಕೂರುವ ತೂತಿಗಿಂತ ಸಣ್ಣ. ಬೋಲ್ಟು ಒಂದೇ ಮಗ್ಗುಲಿಂದ ಒತ್ತುತ್ತದೆ. ಮರ ಸಮ ದುಂಡಗಾಗುವ ತನಕದ ಗಡಗಡ ನಡುಕಕ್ಕೆ ರೆಸ್ಟು ಮೆಲ್ಲಗೆ ತಿರುಗುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು, ಅದರ ಲೋಹ ಬಹಳ ಮೆದು. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್ ಎಂಬ ಗಡಸು ಉಕ್ಕು) ಉಳಿಯ ಮೂಲೆ ತಾಗಿದಲ್ಲೆಲ್ಲ ಕಚ್ಚು ಬೀಳುತ್ತದೆ. ಆಮೇಲೆ ಉಳಿಯನ್ನು ಅದರ ಮೇಲೆ ಜಾರಿಸಿಕೊಂಡು ಹೋಗುವಾಗ ಪ್ರತಿ ಕಚ್ಚಿನಲ್ಲೂ ಸಣ್ಣಗೆ ತಡೆಯುತ್ತದೆ, ಆ ತಡೆ ಬಟ್ಟಲಿನ ಮೈಮೇಲೆ ಗೆರೆಯಾಗಿ ಮೂಡುತ್ತದೆ. ವಾರಕ್ಕೊಮ್ಮೆ ನುಣುಪು ಅರದಲ್ಲಿ ಉಜ್ಜಿ, ಮೇಲೆ ಮೇಣದಬತ್ತಿ ತಿಕ್ಕಿದರೆ ಒಂದಷ್ಟು ದಿನ ನಡೆಯುತ್ತದೆ. ಉಳಿಯ ಕೆಳಮೂಲೆಗಳನ್ನೂ ಗ್ರೈಂಡರಿನಲ್ಲಿ ಸ್ವಲ್ಪ ಉರುಟು ಮಾಡಿಕೊಳ್ಳಿ. ಮಾರಿದವರಿಗೆ ಫೋನ್ ಮಾಡಿದರೆ, 'ಅದು ಸವೆಯುವ ಭಾಗ ಸರ್, ವಾರಂಟಿಯಲ್ಲಿ ಬರಲ್ಲ' ಅಂದರು. ಸವೆಯುವ ಭಾಗ ಬಿಡಿಯಾಗಿ ಸಿಗುತ್ತದೆಯೇ ಅಂದರೆ ಅದೂ ಇಲ್ಲ.

ಕಡೆಗೆ ಶಿವಮೊಗ್ಗಕ್ಕೆ ಹೋಗಿ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕಬ್ಬಿಣದ ಲೇತ್ ಇಟ್ಟುಕೊಂಡಿರುವ ಒಬ್ಬ ಹಿರಿಯರಿಗೆ ತೋರಿಸಿದೆ. ಭದ್ರಾವತಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಉಗುರಿನಲ್ಲಿ ಗೀರಿದ ಹಾಗೆ ಮಾಡಿ, 'ಇದು ಬೀಡಲ್ಲ ಮಾರಾಯ್ರೆ, ಬೆಲ್ಲದಚ್ಚು' ಅಂದರು. ವೆಲ್ಡಿಂಗ್ ಹೊಡೆದು ಸರಿ ಮಾಡಬಹುದಾ ಅಂತ ಕೇಳಿದೆ. ಬೀಡಿಗೆ ನಿಕ್ಕಲ್ ರಾಡು ಬೇಕು, ಮೊದಲು ಕಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಪಕ್ಕದಲ್ಲೇ ಬಿರಿಯುತ್ತದೆ, ಅಷ್ಟು ರಗಳೆ ಬೇಡವೇ ಬೇಡ ಅಂತ ಸಾಧಾರಣ ಉಕ್ಕಿನಲ್ಲಿ ಹೊಸದೇ ಮಾಡಿಕೊಟ್ಟರು. ತೂತಿಗೆ ಅಳತೆ ಹಿಡಿದು ಕಡೆದ ಕಾಲು, ಮೇಲಂಚಿನಲ್ಲಿ ಉದ್ದಕ್ಕೆ ಒಂದು ಸಣ್ಣ ತೋಡು, ಆ ತೋಡಿನಲ್ಲಿ ಅರಾಲ್ಡೈಟ್ ಹಾಕಿ ಕೂರಿಸಿದ ಗಡಸು ಸಿಲ್ವರ್ ಸ್ಟೀಲ್ ಸರಳು. ಅವತ್ತಿನಿಂದ ಉಳಿ ಅದರ ಮೇಲೆ ಸದ್ದಿಲ್ಲದೆ ಜಾರುತ್ತಿದೆ.

ಇಷ್ಟು ಬೈದ ಮೇಲೆ ಉಳಿದದ್ದನ್ನೂ ಹೇಳಬೇಕು. ರೆಸ್ಟು ಬದಲಾದ ಮೇಲೆ ಈ ಮೆಷಿನ್ನು ನನಗೆ ನಿಜಕ್ಕೂ ಹಿಡಿಸಿಬಿಟ್ಟಿದೆ. ಸ್ಪೀಡು ಬದಲಿಸಲು ಬೆಲ್ಟು ಎತ್ತಿ ಇನ್ನೊಂದು ಪುಲ್ಲಿಗೆ ಹಾಕಬೇಕು, ಹಳೇ ಕಾಲದ ಪದ್ಧತಿ. ನಮ್ಮೂರಿನ ವೋಲ್ಟೇಜಿಗೆ ಅದೇ ಸರಿ. ಗುಬುಟು ತಿರುಗಿಸುವ ಎಲೆಕ್ಟ್ರಾನಿಕ್ ಬೋರ್ಡಿನದ್ದಾಗಿದ್ದರೆ ಮೊದಲ ಗುಡುಗಿಗೇ ರಿಪೇರಿಗೆ ಹೊರಡುತ್ತಿತ್ತೇನೋ. ಬೆಲ್ಟು ಎಲ್ಲಿ ಹಾಕಬೇಕು ಅನ್ನುವುದಕ್ಕೆ ಲೆಕ್ಕ ಸುಲಭ: ಬಟ್ಟಲಿನ ಅಡ್ಡಳತೆ ಇಂಚಿನಲ್ಲಿ, ಅದನ್ನು ಆರ್‌ಪಿಎಮ್ಮಿನಿಂದ ಗುಣಿಸಿದರೆ 6000ದಿಂದ 9000ದ ಒಳಗಿರಬೇಕು. 8 ಇಂಚಿನದಕ್ಕೆ ಸುಮಾರು 750ರಿಂದ 1100. ಒಡ್ಡೊಡ್ಡಾದ ತುಂಡಾದರೆ ಇನ್ನೂ ಕೆಳಗೆ ಬೇಕು. ಇದರ ಕಡಿಮೆ ವೇಗ ಅಷ್ಟು ಕೆಳಗಿಳಿಯುವುದಿಲ್ಲ, ಹಾಗಾಗಿ ತುಂಡನ್ನು ಮಿಲ್ಲಿನಲ್ಲೇ ದುಂಡಗೆ ಕೊಯ್ಯಿಸಿ ತರುತ್ತೇನೆ.

ಸಂಜೆ ತೋಟದ ಕೆಲಸ ಮುಗಿದು, ಕಾಫಿ ಲೋಟ ಕಿಟಕಿ ಮೇಲಿಟ್ಟು ಶುರು ಮಾಡುವುದು. ಮೊದಲು ಗೌಜಿಗೆ ಸಾಣೆ. ಕಲ್ಲಿಗೆ ತಾಗಿಸಿಯೂ ತಾಗಿಸದ ಹಾಗೆ, ಕಿಡಿ ಬಾಯಿಯ ಮೇಲಿನಿಂದ ಹಾರುವವರೆಗೆ. ರೆಸ್ಟು ಬಿಗಿ ಮಾಡಿ, ಮುಖಕ್ಕೆ ಪೂರಾ ಮುಚ್ಚುವ ಶೀಲ್ಡು ಹಾಕಿ, ಬಟ್ಟಲನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಅಂತ ನೋಡಿ, ಪಕ್ಕಕ್ಕೆ ಸರಿದು ನಿಂತು ಸ್ವಿಚ್ಚು. ಹಸಿ ಹಲಸಾದರೆ ಅರಿಶಿನ ಬಣ್ಣದ ಉದ್ದುದ್ದ ಸುರುಳಿ ತೋಳಿನ ಮೇಲೆಲ್ಲ ಬೀಳುತ್ತದೆ. ಅದರ ಮೇಣ ಬೆಡ್ಡಿಗೆ ಹಿಡಿಯದಿರಲಿ ಅಂತ ಹಣ್ಣು ಹೆಚ್ಚುವಾಗಿನಂತೆ ಮೊದಲೇ ತೆಂಗಿನೆಣ್ಣೆ ಸವರುತ್ತೇನೆ. ಸಿಲ್ವರ್ ಓಕ್ ಕಡೆದರೆ ಬಲೆಬಲೆಯಂಥ ಚಿತ್ತಾರ ಬರುತ್ತದೆ, ಚೆಂದವೇ. ಆದರೆ ಅದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ, ಗುಳ್ಳೆ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ತೋಳಿನ ಗುಂಡಿ ಬಿಗಿಯಾಗಿರಲಿ.

ಜೊತೆಗೆ ಬರುವ ಚಕ್ಕಿಗೆ ಪೂರ್ಣ ಅಂಕ. ಟೆನನ್ನಿನ ಅಡ್ಡಳತೆ, ದವಡೆಗಳು ಹೆಚ್ಚುಕಮ್ಮಿ ಪೂರ್ತಿ ಮುಚ್ಚಿದಾಗ ಆಗುವ ವೃತ್ತದಷ್ಟೇ ಇದ್ದರೆ ಹಿಡಿತ ಗಟ್ಟಿ. ಟೆನನ್ ತುದಿ ಚಕ್ಕಿನ ತಳಕ್ಕೆ ಮುಟ್ಟಬಾರದು, ಅದರ ಭುಜ ದವಡೆಯ ಮೂತಿಗೆ ಸರಿಯಾಗಿ ಕೂತಿರಬೇಕು. ಮುರಿದರೂ ಬಟ್ಟಲು ಹಾಳಾಯಿತು ಅಂತಲ್ಲ: ತಳ ಸಪಾಟು ಮಾಡಿ, ಬೇಡದ ಮರದ ತುಂಡೊಂದನ್ನು ಅಂಟಿಸಿ, ಅದರಲ್ಲಿ ಹೊಸ ಟೆನನ್ ಕಡೆದುಕೊಳ್ಳಬಹುದು. ಜೊತೆಗೆ ಬರುವ ಉಳಿಗಳ ಸೆಟ್ಟಿಗೆ ಮಾತ್ರ ಪೂರ್ಣ ಅಂಕ ಕೊಡಲಾರೆ. ಅದರಲ್ಲಿರುವ ಅಗಲ ಬಾಯಿಯ ರಫಿಂಗ್ ಗೌಜು ಉದ್ದ ಕಂಬ, ಕಾಲುಗಳಿಗೆ ಮಾಡಿದ್ದು. ಅದನ್ನು ಬಟ್ಟಲಿಗೆ ತಾಗಿಸಲೇಬೇಡಿ. ಹಿಡಿಯೊಳಗೆ ಹೋಗುವ ಅದರ ಬಾಲ ತೆಳು, ಕಚ್ಚಿದರೆ ಅಲ್ಲೇ ತುಂಡಾಗುತ್ತದೆ. ಈ ಮಾತು ಡಬ್ಬದ ಮೇಲೆ ಎಲ್ಲೂ ಇಲ್ಲ.

ಬಟ್ಟಲಿನ ಸುತ್ತಿನಲ್ಲಿ ಎದುರುಬದುರು ಎರಡು ಕಡೆ ನಾರು ಕಿತ್ತು ಒರಟಾಗುವುದು ಇನ್ನೊಂದು ಕಾಟ. ಅಲ್ಲಿ ಮರದ ಎಳೆ ಉಳಿಗೆ ಎದುರಾಗಿ ನಿಂತಿರುತ್ತದೆ. ಸ್ಯಾಂಡ್ ಪೇಪರಿನಲ್ಲಿ ಅದನ್ನೇ ತಿಕ್ಕುತ್ತ ಕೂತರೆ ಮೆದುವಾದ ಜಾಗ ತಗ್ಗಾಗಿ ಬಟ್ಟಲಿನ ದುಂಡೇ ಕೆಡುತ್ತದೆ. ಆಗಷ್ಟೇ ಸಾಣೆ ಹಿಡಿದ ಉಳಿ, ಒರಟಿನ ಮೇಲೆ ಚೂರು ನೀರು, ಕಾಗದದಷ್ಟು ತೆಳುವಾದ ಒಂದೆರಡು ಎಳೆತ. ಹೊರಮೈಯನ್ನು ತಳದಿಂದ ಅಂಚಿನ ಕಡೆಗೆ, ಒಳಮೈಯನ್ನು ಅಂಚಿನಿಂದ ತಳಕ್ಕೆ. ಅಂಚು ಮೊದಲೇ ಮುಗಿಸಿಬಿಡಿ. ಗೋಡೆ ತೆಳುವಾದ ಮೇಲೆ ಮತ್ತೆ ಅಲ್ಲಿಗೆ ಹೋದರೆ ಅದು ಅದುರುತ್ತದೆ.

ಒಣಗಿಸುವುದರಲ್ಲಿ ಮಾತ್ರ ಮೆಷಿನ್ನಿನದು ಏನೂ ನಡೆಯುವುದಿಲ್ಲ, ಎಲ್ಲ ನಮ್ಮ ಮಳೆಯದ್ದೇ ದರ್ಬಾರು. ಹಸಿ ಮರದಲ್ಲಿ ಮೊದಲು ನಡುತಿರುಳು ತೆಗೆದು, ಅಡ್ಡಳತೆಯ ಹತ್ತನೇ ಒಂದು ಪಾಲಿನಷ್ಟು ದಪ್ಪ ಬಿಟ್ಟು ಒರಟಾಗಿ ಕಡೆದಿಡುತ್ತೇನೆ. 200 ಮಿಲಿಮೀಟರಿನದಕ್ಕೆ 20. ತಳದಲ್ಲಿ ಪೆನ್ಸಿಲಿನಲ್ಲಿ ತೂಕ ಬರೆದು, ಕಾಗದದ ಚೀಲಕ್ಕೆ ಅದರದ್ದೇ ಸಿಪ್ಪೆ ಸೇರಿಸಿ ಕಟ್ಟಿಡುವುದು. ಆಷಾಢ, ಶ್ರಾವಣದಲ್ಲಿ ತೂಕ ಇಳಿಯುವುದೇ ಇಲ್ಲ, ಬೂಸ್ಟು ಬರುತ್ತದೆ. ಅವಸರವಾಯಿತು ಅಂತ ಬಚ್ಚಲ ಒಲೆ ಮೇಲಿನ ಅಟ್ಟಕ್ಕೆ ಹಾಕಿದರೆ ಬಿರುಕು ಗ್ಯಾರಂಟಿ. ಮಳೆಗಾಲ ದಾಟಿದ ಬಟ್ಟಲುಗಳಿಗೂ ದೀಪಾವಳಿ ಕಳೆದ ಮೇಲೆ ಬೀಸುವ ಒಣಗಾಳಿಯಲ್ಲಿ ಗಂಡಾಂತರ ಇದೆ, ಆಗ ಚೀಲದ ಬಾಯಿ ಬಿಚ್ಚಬೇಡಿ. ತೂಕ ನಿಂತ ಮೇಲೆ ಮತ್ತೆ ಚಕ್ಕಿಗೆ. ಅಷ್ಟರಲ್ಲಿ ಅದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ದಪ್ಪ ಬಿಟ್ಟದ್ದೇ ಅದಕ್ಕೆ. ಮಳೆಗಾಲದಲ್ಲಿ ಮುಚ್ಚಳ ಕೂರಿಸಿ ಬೆಂಗಳೂರಿಗೆ ಉಡುಗೊರೆ ಕಳಿಸುವವರು ಸ್ವಲ್ಪ ಸಡಿಲವಾಗಿಯೇ ಕೂರಿಸಿ.

ಕೂದಲೆಳೆ ಬಿರುಕಿಗೆ ಕಾಫಿ ಪುಡಿ ತುಂಬಿ ಫೆವಿಕ್ವಿಕ್ ಬಿಡಿ. ಕಾಫಿ ಒಣಗಿರಬೇಕು, ಚಿಕೋರಿ ಇದ್ದರೂ ತೊಂದರೆಯಿಲ್ಲ. ಮೊದಲು ಸುತ್ತಲೂ ಸ್ಪಿರಿಟ್ ಪಾಲಿಶ್ ಸವರಿಕೊಳ್ಳಿ, ಇಲ್ಲದಿದ್ದರೆ ಅಂಟು ಇಳಿದ ಕಲೆ ಹೋಗುವುದಿಲ್ಲ. ತಳ ತೂತಾಗಿದ್ದರೆ ಹಳೇ ಕುರ್ಚಿಯ ಬೀಟೆ ಚೂರಿನಲ್ಲಿ ದುಂಡು ಬಿಲ್ಲೆ ಮಾಡಿ ಕೂರಿಸಿ, ಬೇಕೆಂದೇ ಮಾಡಿದಂತೆ ಕಾಣುತ್ತದೆ. ಅಂಚಿನಿಂದ ತಳದವರೆಗೆ ಹೋದ ಬಿರುಕಿನದನ್ನು ಮಾತ್ರ ಮತ್ತೆ ತಿರುಗಿಸುವ ಸಾಹಸ ಬೇಡ, ಬಚ್ಚಲ ಒಲೆಗೆ ಹಾಕಿ.

25 ಸಾವಿರದ ಒಳಗೆ, ಮನೆಮಟ್ಟಿಗೆ ಬಟ್ಟಲು ಮಾಡುವವರಿಗೆ ತೆಗೆದುಕೊಳ್ಳಿ ಅನ್ನುತ್ತೇನೆ. ಮಾರುವುದಕ್ಕೆ ಅಂತ ದಿನವಿಡೀ ಕಡೆಯುವವರಿಗೆ ಇದು ಸಾಲದು. ಕೊಳ್ಳುವ ಮುಂಚೆ ರೆಸ್ಟಿನ ಕಾಲಿಗೂ ಅದು ಕೂರುವ ತೂತಿಗೂ ವರ್ನಿಯರ್ ಹಿಡಿದ ಫೋಟೋ ಕಳಿಸಿ ಅಂತ ಕೇಳಿ. ಕಳಿಸದಿದ್ದರೆ ಹೊಸ ರೆಸ್ಟಿನ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.